ಅವರ ನಂಬರ್ ಕೇಳಿ

ನಮಸ್ಕಾರ ಕೇಳುಗರೇ.

ನಾನು ಸೇನೆಯಲ್ಲಿ 26 ವರ್ಷ ಕ್ಲರ್ಕ್ ಆಗಿದ್ದವನು. ಹವಾಲ್ದಾರ್ ಆಗಿ ಊರಿಗೆ ಬಂದೆ. ಹಾಸನ ಜಿಲ್ಲೆ ನಮ್ಮದು. ಈಗ ತಾಲ್ಲೂಕಿನ ಮಾಜಿ ಸೈನಿಕರ ಸಂಘದಲ್ಲಿ ಕಾಗದ ಪತ್ರದ ಕೆಲಸ ನೋಡಿಕೊಳ್ಳುತ್ತೇನೆ. ಒಬ್ಬರ ಪೆನ್ಷನ್ ನಿಂತಿರುತ್ತದೆ, ಇನ್ನೊಬ್ಬರ ಹೆಂಡತಿ ಹೆಸರು ತಪ್ಪಾಗಿರುತ್ತದೆ, ಮತ್ತೊಬ್ಬರಿಗೆ ರಾತ್ರಿ ಮಲಗಲು ಜಾಗ ಇರುವುದಿಲ್ಲ.

ಇವತ್ತು ನಾನು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲೋ ದೇವಸ್ಥಾನದ ಜಗಲಿ ಮೇಲೋ ಮಲಗುವ ಮನುಷ್ಯ ‘ನಾನು ಮಿಲಿಟರಿಯಲ್ಲಿದ್ದೆ’ ಅಂದರೆ, ಅವರ ನಂಬರ್ ಕೇಳಿ. ಫೋನ್ ನಂಬರ್ ಅಲ್ಲ, ಆರ್ಮಿ ನಂಬರ್, ಅಂದರೆ ಸೇನೆಗೆ ಸೇರಿದಾಗ ಪ್ರತಿ ಸಿಪಾಯಿಗೂ ಕೊಡುವ ನಂಬರ್. ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಯಾಕೆ ಅಂತ ಹೇಳುತ್ತೇನೆ. 2023ರ ಮಳೆಗಾಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿ ಇಟ್ಟಿರುವ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಅಣ್ಣಾ, ಇಲ್ಲೊಬ್ರು ಎರಡು ತಿಂಗಳಿಂದ ಮಲಗ್ತಿದ್ದಾರೆ. ಕುಡೀತಾರೆ. ಆದ್ರೆ ಬೆಳಿಗ್ಗೆ ಐದಕ್ಕೆಲ್ಲ ಎದ್ದು ನಲ್ಲಿ ಹತ್ರ ಶೇವ್ ಮಾಡ್ಕೋತಾರೆ. ಅವರು ಕಂಬಳಿ ಮಡಿಸೋದು ನೋಡ್ಬೇಕು ನೀವು. ಇಟ್ಟಿಗೆ ಇಟ್ಟ ಹಾಗಿರುತ್ತೆ. ನಿಮ್ಮವರೇ ಇರ್ಬೇಕು," ಅಂದರು.

ಮರುದಿನ ಬೆಳಿಗ್ಗೆ ಐದಕ್ಕೆ ಹೋದೆ. ಆ ತಾಯಿ ಹೇಳಿದ್ದು ನಿಜ. ಕಂಬಳಿಯ ನಾಲ್ಕೂ ಅಂಚು ಒಂದರ ಮೇಲೊಂದು ಕೂತಿದ್ದವು. ಬೆಂಚಿನ ಕೆಳಗೆ ಹಳೇ ಶೂ ಜೋಡಿ, ಮೂತಿ ಹೊರಗೆ ಮಾಡಿ ಸಾಲಾಗಿ ಇಟ್ಟಿದ್ದರು. ಒಂದಕ್ಕೆ ಲೇಸ್ ಇರಲಿಲ್ಲ, ಗೋಣಿದಾರ ಕಟ್ಟಿದ್ದರು. ಆದರೆ ಎರಡನ್ನೂ ಚೆನ್ನಾಗಿ ಒರೆಸಿದ್ದರು.

ಟೀ ತರಿಸಿಕೊಟ್ಟೆ. ಊರು ಯಾವುದು ಅಂದೆ, ಮಾತಿಲ್ಲ. ಮನೆಯಲ್ಲಿ ಯಾರಿದ್ದಾರೆ ಅಂದೆ, ಮುಖ ತಿರುಗಿಸಿದರು. ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಮೆಲ್ಲಗೆ, "ನಂಬರ್ ಏನು?" ಅಂತ ಕೇಳಿದೆ.

ಅವರು ಎದ್ದು ನಿಂತರು. ಟೀ ಲೋಟ ಕೆಳಗಿಟ್ಟು, ಹಿಮ್ಮಡಿ ಕೂಡಿಸಿ ನಿಂತು, ಹಿಂದಿಯಲ್ಲಿ ಒಂದೇ ಉಸಿರಿಗೆ ನಂಬರ್ ಹೇಳಿದರು. ಕೊನೆಯ ಅಕ್ಷರವನ್ನೂ ಬಿಡಲಿಲ್ಲ. ಅದರ ಹಿಂದೆಯೇ ರ‍್ಯಾಂಕ್, ಹೆಸರು. ಮಾತು ತೊದಲುತ್ತಿದ್ದ ಮನುಷ್ಯ ಅಲ್ಲಿ ಒಂದು ಕಡೆಯೂ ತಡವರಿಸಲಿಲ್ಲ.

ಕೇಳುಗರೇ, ಸಿಪಾಯಿ ತನ್ನ ನಂಬರ್ ಮರೆಯುವುದಿಲ್ಲ. ಮನೆ ಬಿಟ್ಟಿರಬಹುದು, ಆಧಾರ್ ಕಳೆದುಕೊಂಡಿರಬಹುದು, ಮಕ್ಕಳ ಫೋನ್ ನಂಬರ್ ನೆನಪಿಲ್ಲದಿರಬಹುದು. ಇದು ಮಾತ್ರ ಇರುತ್ತದೆ. ಸಂಬಳ, ರಜೆ, ಆಸ್ಪತ್ರೆ, ಪತ್ರ, ಎಲ್ಲಕ್ಕೂ ಅದನ್ನೇ ಹೇಳಿ ಬದುಕಿದ್ದೇವೆ ನಾವು.

ರೆಜಿಮೆಂಟ್ ಯಾವುದು ಅಂದೆ. ಮದ್ರಾಸ್ ಸ್ಯಾಪರ್ಸ್ ಅಂದರು. ಸೇತುವೆ, ರಸ್ತೆ ಕಟ್ಟುವ ಸೇನೆಯ ಎಂಜಿನಿಯರ್ ದಳ ಅದು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಅವರ ಸೆಂಟರ್ ಇದೆ. ಅಲ್ಲಿಯವರನ್ನು ಸೇನೆಯಲ್ಲಿ ಪ್ರೀತಿಯಿಂದ ತಂಬಿ ಅಂತ ಕರೆಯುತ್ತಾರೆ. "ಹೌದಾ ತಂಬಿ?" ಅಂದೆ. ಆಗ ನಕ್ಕರು.

ಆ ಚೀಟಿ ತೆಗೆದುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋದೆ. ಅಲ್ಲಿಂದ ಸಿಪಾಯಿಗಳ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಪತ್ರ ಹೋಯಿತು. ಉತ್ತರ ಬಂತು. 17 ವರ್ಷ ಸರ್ವಿಸ್ ಮಾಡಿ ನಾಯಕ್ ರ‍್ಯಾಂಕಿನಲ್ಲಿ ಬಂದವರು. ಪೆನ್ಷನ್ ಮಂಜೂರಾಗಿದೆ. ಬದುಕಿದ್ದೇನೆ ಅಂತ ತೋರಿಸುವ ಲೈಫ್ ಸರ್ಟಿಫಿಕೇಟ್ 14 ತಿಂಗಳಿಂದ ಕೊಟ್ಟಿಲ್ಲ, ಅದಕ್ಕೆ ನಿಂತಿದೆ. ಅಂದರೆ ಆ ಮನುಷ್ಯನ ಹಣ ಅವರ ಹೆಸರಿನಲ್ಲೇ ಕಾಯುತ್ತಿತ್ತು. ಅವರು ಇಲ್ಲಿ ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಮಲಗುತ್ತಿದ್ದರು.

ಹೆಂಡತಿ ತೀರಿಕೊಂಡಿದ್ದರು. ಪೆನ್ಷನ್ ಪುಸ್ತಕ, ಬ್ಯಾಂಕು, ರೇಷನ್ ಕಾರ್ಡು ಎಲ್ಲ ಆಕೆಯೇ ನೋಡುತ್ತಿದ್ದದ್ದು. ಆಕೆ ಹೋದ ಮೇಲೆ ತಮ್ಮನ ಜೊತೆ ಜಮೀನಿನ ಜಗಳ. ಒಂದು ರಾತ್ರಿ ಎದ್ದು ಬಂದುಬಿಟ್ಟರು. ಗಾರೆ ಕೆಲಸ ಮಾಡಿದರು. ಕುಡಿತ ಜಾಸ್ತಿ ಆಯಿತು.

ಕಾಗದ ಬೇಕಲ್ಲ, ತಮ್ಮನ ಮನೆಗೆ ಹೋದೆವು. ಅವರ ಕಪ್ಪು ಟ್ರಂಕು ಕೊಟ್ಟಿಗೆಯಲ್ಲಿತ್ತು. ಮೇಲೆ ಹಿಂಡಿ ಮೂಟೆ. ಮೂಟೆ ಇಳಿಸಿ ಬಟ್ಟೆಯಲ್ಲಿ ಒರೆಸಿದಾಗ ಬಿಳಿ ಪೇಂಟಿನಲ್ಲಿ ಬರೆದದ್ದು ಕಂಡಿತು. ಅದೇ ನಂಬರ್. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಬುಕ್, ಪೆನ್ಷನ್ ಮಂಜೂರಾತಿಯ ಪತ್ರವಾದ ಪಿಪಿಒ, ಎರಡು ಮೆಡಲ್. ತಮ್ಮನ ಹೆಂಡತಿ ಜಗಳ ಮಾಡಲಿಲ್ಲ. "ತಗೊಂಡು ಹೋಗಿ. ಭಾವ ಊಟ ಮಾಡ್ತಾರಾ?" ಅಂತ ಮಾತ್ರ ಕೇಳಿದರು.

ಲೈಫ್ ಸರ್ಟಿಫಿಕೇಟಿಗೆ ಬೆರಳಚ್ಚು ಬರಲಿಲ್ಲ. ಸಿಮೆಂಟಿನ ಕೆಲಸದಲ್ಲಿ ಗೆರೆ ಸವೆದುಹೋಗಿತ್ತು. ಮುಖ ತೋರಿಸಿ ಮಾಡಿಸಿದೆವು. ಬಾಕಿ ಹಣವೂ ಸೇರಿ ಪೆನ್ಷನ್ ಮತ್ತೆ ಶುರುವಾಯಿತು. ಟೀ ಅಂಗಡಿ ಹಿಂದಿನ ಓಣಿಯಲ್ಲಿ ಒಂದು ಶೀಟಿನ ರೂಮು. ಅಡ್ವಾನ್ಸ್ ಹಣಕ್ಕೆ ಸಂಘದ ನಾಲ್ಕು ಜನ ಕೈ ಹಾಕಿದೆವು, ಆಮೇಲೆ ಅವರು ಒಂದೊಂದು ರೂಪಾಯಿಯನ್ನೂ ತೀರಿಸಿದರು. 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿಯಿತು, ನೆನಪಿದೆ ಅಲ್ವಾ? ಚೂರಲ್‌ಮಲೆಯಲ್ಲಿ ಉಕ್ಕಿನ ಪ್ಯಾನೆಲ್ ಜೋಡಿಸಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದ್ದು ಇದೇ ಮದ್ರಾಸ್ ಸ್ಯಾಪರ್ಸ್. ಆ ವಿಡಿಯೋವನ್ನು ಅವರ ರೂಮಿನಲ್ಲಿ ಕೂತು ನನ್ನ ಫೋನಿನಲ್ಲಿ ನೋಡಿದೆವು. ಅವರು ಪ್ಯಾನೆಲ್ ಎಣಿಸುತ್ತಿದ್ದರು. ಬೆರಳು ಸ್ಕ್ರೀನಿನ ಮೇಲೆ ಓಡುತ್ತಿತ್ತು.

ಕುಡಿತ ಪೂರ್ತಿ ಬಿಟ್ಟಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗುತ್ತೇವೆ, ಔಷಧಿ ನಡೀತಿದೆ. ಆದರೆ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ನನಗೆ ಅದು ದೊಡ್ಡದು.

ಈ ಒಂದು ಕಥೆಗೇ ನನ್ನ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸಿಪಾಯಿ ಊರಿಗೆ ಬರುವುದು ಮುದುಕನಾಗಿ ಅಲ್ಲ. ಎಷ್ಟೋ ಜನ 35, 40ರ ವಯಸ್ಸಿಗೇ ಬರುತ್ತಾರೆ. ಹದಿನೆಂಟು ಹತ್ತೊಂಬತ್ತಕ್ಕೆ ಹೋದವರು. ಅಲ್ಲಿ ಊಟ, ಬಟ್ಟೆ, ಏಳುವ ಹೊತ್ತು, ಮಲಗುವ ಹೊತ್ತು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಬಂದರೆ ಖಾತೆ, ಪಹಣಿ, ಮಕ್ಕಳ ಫೀಸು. ರಜೆಗೆ ಬಂದು ಹೋಗುವ ನೆಂಟನ ಹಾಗಿದ್ದವರು ಒಂದೇ ದಿನಕ್ಕೆ ಯಜಮಾನರಾಗಬೇಕು. ಬಂದ ಗಂಟನ್ನು ಅಣ್ಣನ ಜಾಗದಲ್ಲಿ ಮನೆ ಕಟ್ಟಲು ಹಾಕಿಬಿಡುತ್ತಾರೆ. ಜಗಳ ಆದ ದಿನ ಆ ಮನೆಯೂ ಇಲ್ಲ, ಗಂಟೂ ಇಲ್ಲ. ದಯವಿಟ್ಟು ನಿಮ್ಮ ಹೆಸರಿಗೆ ಪತ್ರ ಆಗದ ಜಾಗದಲ್ಲಿ ಒಂದು ಇಟ್ಟಿಗೆಯನ್ನೂ ಇಡಬೇಡಿ.

ಪೆನ್ಷನ್ ಸಿಗದೆ ಬಂದವರೂ ಇದ್ದಾರೆ. ಹವಾಲ್ದಾರ್ ಹುದ್ದೆಯವರೆಗಿನವರು, 65 ದಾಟಿದವರು, ಬೇರೆ ಆದಾಯ ಇಲ್ಲದವರು, ಅಂಥವರ ವಿಧವೆಯರು, ಕೇಂದ್ರೀಯ ಸೈನಿಕ ಮಂಡಳಿಯ ಬಡತನದ ನೆರವಿಗೆ ಅರ್ಜಿ ಹಾಕಬಹುದು. ತಿಂಗಳಿಗೆ 4,000 ಇತ್ತು. 2025ರ ನವೆಂಬರ್‌ನಿಂದ 8,000 ರೂಪಾಯಿ ಆಗಿದೆ. ಇದಕ್ಕೂ ಮೊದಲು ಬೇಕಾದದ್ದು ಏನು? ನಂಬರ್.

ಮನೆಯಲ್ಲಿ ಕೇಳುತ್ತಿರುವ ತಾಯಂದಿರಿಗೆ ಒಂದು ಮಾತು. ಯಜಮಾನರ ನಂಬರ್ ನಿಮಗೂ ಬಾಯಿಪಾಠ ಇರಲಿ. ಮದುವೆ, ಮಕ್ಕಳ ಹೆಸರು ರೆಕಾರ್ಡಿನಲ್ಲಿ ಸೇರಿದೆಯಾ ಅಂತ ಅವರು ಇರುವಾಗಲೇ ನೋಡಿಸಿ. ನಾಳೆ ನೋಡೋಣ ಅಂತ ಬಿಟ್ಟ ಮನೆಗಳಲ್ಲಿ ಫ್ಯಾಮಿಲಿ ಪೆನ್ಷನ್‌ಗೆ ವರ್ಷಗಟ್ಟಲೆ ಅಲೆದದ್ದನ್ನು ನಾನು ನೋಡಿದ್ದೇನೆ.

ಇನ್ನು ಅಗ್ನಿವೀರರು. 2022ರಲ್ಲಿ ಬಂದ ಯೋಜನೆ. ನಾಲ್ಕು ವರ್ಷಕ್ಕೆ ಹೆಚ್ಚಿನ ಹುಡುಗರು ಮನೆಗೆ ಬರುತ್ತಾರೆ, ಸುಮಾರು 11.7 ಲಕ್ಷ ರೂಪಾಯಿ ಕೈಗೆ ಬರುತ್ತದೆ, ಪೆನ್ಷನ್ ಇಲ್ಲ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಆ ದುಡ್ಡಿಗೆ ಮೊದಲ ದಿನವೇ ಕಾರ್ ತೆಗೆದುಕೋ ಅನ್ನಬೇಡಿ. ಕೆಲಸಕ್ಕೆ ಕರೆಯಿರಿ.

ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪನವರು ನಿವೃತ್ತರಾಗಿ ಹತ್ತು ವರ್ಷ ದಾಟಿದ ಮೇಲೆ, 1964ರಲ್ಲಿ, ಮಾಜಿ ಸೈನಿಕರಿಗಾಗಿ ಸಂಘ ಕಟ್ಟಿದರು. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಸಾಮಾನ್ಯ ಸಿಪಾಯಿಯ ಮುಂದಿನ ಬದುಕನ್ನು ಯೋಚಿಸಿದರು. ನಾವು ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಹೊದಿಸಿ, ಬೇಡ ಅನ್ನುವುದಿಲ್ಲ. ಆದರೆ 16ನೇ ತಾರೀಕು ಅವರು ಎಲ್ಲಿ ಮಲಗುತ್ತಾರೆ ಅಂತಲೂ ಕೇಳಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ಡಬ್ಬಿಗೆ ಹಣ ಹಾಕಿ. ಅದರ ಜೊತೆಗೆ ನಂಬರ್ ಕೇಳಿ. ಕಂಡಕ್ಟರ್ ಕೇಳಬಹುದು, ಹೋಟೆಲಿನವರು ಕೇಳಬಹುದು, ಪಂಚಾಯ್ತಿ ಸದಸ್ಯರು ಕೇಳಬಹುದು. ನಂಬರ್, ರೆಜಿಮೆಂಟ್, ಹೆಸರು. ಮೂರು ಸಾಲು. ಅದನ್ನು ಹತ್ತಿರದ ಸೈನಿಕ ಕಲ್ಯಾಣ ಕಚೇರಿಗೋ ಯಾವುದಾದರೂ ಮಾಜಿ ಸೈನಿಕರ ಸಂಘಕ್ಕೋ ಮುಟ್ಟಿಸಿ.

ನಮ್ಮ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಈಗ ಸಕ್ಕರೆ ಡಬ್ಬದ ಪಕ್ಕ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ನಾಲ್ಕು ನಂಬರ್ ಇವೆ, ಆ ತಾಯಿಯದೇ ಕೈಬರಹ. ನಿನ್ನೆ ಸಂಜೆ ಐದನೆಯದಕ್ಕೆ ಫೋನ್ ಮಾಡಿದ್ದರು. ನಾಳೆ ಬೆಳಿಗ್ಗೆ ಐದಕ್ಕೆ ನಾನು ಅಲ್ಲಿರುತ್ತೇನೆ.

ನಮಸ್ಕಾರ. ಜೈ ಹಿಂದ್.