ಹೊರಡುವ ಮೊದಲು ಒಂದು ಫೋನ್ ಮಾಡಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಅಮ್ಮಂದಿರು, ಅಕ್ಕಂದಿರೇ ಜಾಸ್ತಿ ಇದ್ದೀರಿ. ಯಾರಿಗಾಗಿ ಬಂದಿದ್ದೀರಿ ಅಂತ ನನಗೆ ಗೊತ್ತಾಗುತ್ತದೆ. ನನ್ನ ತಾಯಿಯೂ ಹೀಗೇ ಎಷ್ಟೋ ಕಡೆ ಹೋಗಿ ಕೂತಿದ್ದರು.

ನಾನು 14 ವರ್ಷ ಕುಡಿದವನು. ಬಿಟ್ಟು 9 ವರ್ಷವಾಯಿತು. ಕುಡಿತ ಎಷ್ಟು ಕೆಟ್ಟದ್ದು ಅಂತ ಹೇಳೋಕೆ ಬಂದಿಲ್ಲ. ಅದು ಕುಡಿಯುವವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಿಡಬೇಕು ಅನ್ನಿಸಿದ ದಿನ ಎಲ್ಲಿಗೆ ಹೋಗಬೇಕು ಅನ್ನುವುದೇ ಗೊತ್ತಿರುವುದಿಲ್ಲ, ಅಲ್ವಾ?

ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟು ಸೇರುವ ಸಭೆಯೊಂದರ ವಿಳಾಸವನ್ನು ನನಗೆ ಯಾರೋ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಜುಲೈ ತಿಂಗಳು, ಹಿಡಿದ ಮಳೆ ಬಿಟ್ಟಿರಲಿಲ್ಲ. ತೀರ್ಥಹಳ್ಳಿಯಲ್ಲಿ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದೆ. ಹುಡುಕಿಕೊಂಡು ಹೋದರೆ ಬಾಗಿಲಿಗೆ ಬೀಗ. ಸಭೆ ಬೇರೆ ಕಡೆಗೆ ಹೋಗಿ ಎಷ್ಟೋ ತಿಂಗಳಾಗಿತ್ತಂತೆ. ರಸ್ತೆ ದಾಟಿದರೆ ಬಾರ್. "ನಾನು ಹೋಗಿದ್ದೆ, ಅಲ್ಲಿ ಯಾರೂ ಇರಲಿಲ್ಲ" ಅಂತ ಮನೆಯಲ್ಲಿ ಹೇಳಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಚೀಟಿಯ ಹಿಂದೆ ಒಂದು ನಂಬರ್ ಇತ್ತು. ಕೈ ನಡುಗಿ ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ಒಬ್ಬರು ಎತ್ತಿದರು. "ಅಲ್ಲೇ ನಿಂತಿರಿ, ಬರ್ತೀನಿ" ಅಂದರು. ಕೊಡೆ ಹಿಡಿದು ಬಂದರು. ಆ 20 ನಿಮಿಷ ನಾನು ಬಾರಿನ ಕಡೆ ಬೆನ್ನು ಮಾಡಿ ನಿಂತಿದ್ದೆ. ಅವರೂ ಒಂದು ಕಾಲದಲ್ಲಿ ನನ್ನ ಹಾಗೇ ಕುಡಿದವರು.

ಈ ಸಭೆ ನಡೆಸುವ ಬಳಗದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎಎ ಅನ್ನುತ್ತೇವೆ, ಅದು ಶುರುವಾದದ್ದೂ ಫೋನಿನಿಂದಲೇ. 1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ ಬಿಲ್ ಅನ್ನುವವರು ಒಬ್ಬರೇ ನಿಂತಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೈಕೊಟ್ಟಿತ್ತು. ಬಾರಿನಿಂದ ಮಾತು, ನಗು ಕೇಳುತ್ತಿತ್ತು. ಅವರು ಬಾರಿಗೆ ಹೋಗದೆ ಫೋನಿನ ಹತ್ತಿರ ಹೋದರು. ಕುಡಿತದಲ್ಲಿ ಒದ್ದಾಡುವ ಇನ್ನೊಬ್ಬರು ಈ ಊರಿನಲ್ಲಿದ್ದಾರಾ, ಮಾತಾಡಬೇಕು ಅಂತ ಕೇಳುತ್ತಾ ಹೋದರು. ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಅನ್ನುವ ಸರ್ಜನ್. ಅವರು 15 ನಿಮಿಷ ಕೂತು ಏಳುತ್ತೇನೆ ಅಂತ ಬಂದವರು, ಆರು ಗಂಟೆಗೂ ಮೀರಿ ಕೂತರು. ಉಪದೇಶ ಮಾಡುವವರನ್ನು ಅವರು ಬೇಕಾದಷ್ಟು ನೋಡಿದ್ದರು. ತಮ್ಮದೇ ಕಥೆ ಹೇಳುವವರನ್ನು ನೋಡಿದ್ದು ಅವತ್ತು. ಈ ಸಂಗತಿ ಕೇಳಿದಾಗಲೆಲ್ಲ ನನಗೆ ಆ ಬೀಗದ ಬಾಗಿಲು ನೆನಪಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಹೊರಡುವ ಮೊದಲು ಫೋನ್ ಮಾಡಿ. ಯಾವ ದಿನ, ಎಷ್ಟು ಹೊತ್ತಿಗೆ, ಈಗ ಎಲ್ಲಿ ಅಂತ ಕೇಳಿ. ಕನ್ನಡದಲ್ಲಿ ನಡೆಯುತ್ತಾ ಅಂತಲೂ ಕೇಳಿ. ಮನೆಯವರು ಜೊತೆಗೆ ಬರುವುದಾದರೆ ಅದು ತೆರೆದ ಸಭೆಯಾ ಅಂತ ವಿಚಾರಿಸಿ, ಕೆಲವು ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ನಮ್ಮ ಕಡೆ ಲಾಸ್ಟ್ ಬಸ್ಸಿನ ಹೊತ್ತು ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಯಾವ ನಂಬರೂ ಇಲ್ಲದಿದ್ದರೆ 14446ಕ್ಕೆ ಮಾಡಿ, ಅದು ಚಟ ಬಿಡುವವರಿಗಾಗಿಯೇ ಇರುವ ಸರ್ಕಾರದ ಸಹಾಯವಾಣಿ. ಮನಸ್ಸಿಗೆ ಕಷ್ಟವಾದರೆ ಟೆಲಿ ಮಾನಸ್, 14416, ರಾತ್ರಿಯೂ ಸಿಗುತ್ತದೆ. ಧರ್ಮಸ್ಥಳದ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರು ನಿಮ್ಮ ಊರಲ್ಲೇ ಇರಬಹುದು. ಅವರು ಆಮೇಲೂ ನವಜೀವನ ಸಮಿತಿ ಅಂತ ಒಟ್ಟು ಸೇರುತ್ತಾರೆ. ಅವರನ್ನು ಕೇಳಿ.

ಒಂದು ಮಾತು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯ. ಕೊಡೆ ಹಿಡಿದು ಬಂದವರು ಮಾರನೇ ಬೆಳಿಗ್ಗೆ ನನ್ನನ್ನು ಮೊದಲು ಕರೆದುಕೊಂಡು ಹೋಗಿದ್ದು ಡಾಕ್ಟರ ಹತ್ತಿರ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಸಭೆ ಆಸ್ಪತ್ರೆಯ ಬದಲಿಗೆ ಅಲ್ಲ, ಅದರ ಜೊತೆಗೆ.

"ಯಾರಾದ್ರೂ ನೋಡಿದ್ರೆ?" ಅಂತ ಎಲ್ಲರೂ ಕೇಳುತ್ತಾರೆ. ಮಲೆನಾಡಿನಲ್ಲಿ ಮನೆ ದೂರ ದೂರ, ಸುದ್ದಿ ಮಾತ್ರ ಹತ್ತಿರ. ಆ ಸಂಕೋಚ ನನಗೂ ಇತ್ತು. ನಿಮ್ಮ ಊರು ಬೇಡ ಅನ್ನಿಸಿದರೆ ಪಕ್ಕದ ಊರಿನ ಸಭೆಗೆ ಹೋಗಿ. ಅಲ್ಲಿ ಹಾಜರಿ ಪುಸ್ತಕ ಇಲ್ಲ, ಫೀಸಿಲ್ಲ. ಯಾರನ್ನು ನೋಡಿದೆವು, ಏನು ಕೇಳಿದೆವು ಅಂತ ಹೊರಗೆ ಹೇಳುವುದಿಲ್ಲ. ಕೆಲವು ಕಡೆ ಚರ್ಚಿನ ಕೋಣೆಯಲ್ಲಿ ನಡೆಯುತ್ತದೆ, ಹಾಗಂತ ಹೆದರಬೇಡಿ, ಅದು ಕೂರಲು ಸಿಕ್ಕ ಜಾಗ ಅಷ್ಟೇ. ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಮೊದಲ ದಿನ ನಾನು ಒಂದು ಮಾತೂ ಆಡಲಿಲ್ಲ. ಸುಮ್ನೆ ಕೂತು ಟೀ ಕುಡಿದು ಬಂದೆ. ಯಾರೂ ಯಾಕೆ ಅಂತ ಕೇಳಲಿಲ್ಲ.

ಅಕ್ಕಂದಿರೇ, ಅವರು ಬರಲ್ಲ ಅಂದರೂ ನೀವು ಹೋಗಬಹುದು. ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆ ಸಭೆ ಇದೆ. ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಶುರು ಮಾಡಿದ್ದು.

ಕಾರ್ಯಕ್ರಮ ಮುಗಿದ ಮೇಲೆ ನಾನು ಹೊರಗೆ ಜಗುಲಿಯಲ್ಲಿ ಕೂತಿರುತ್ತೇನೆ. ನಂಬರ್ ಬೇಕಾದವರು ಬಂದು ಕೇಳಿ. ಶನಿವಾರ ನಾನು ಸಭೆಗೆ ಹೊರಟಿದ್ದೇನೆ. ಜೊತೆಗೆ ಬರುವವರಿದ್ದರೆ ಹೇಳಿ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ.