ಬೇರೆ ಕುರ್ಚಿ ಬೇಕಿಲ್ಲ

ಕೇಳುಗರಿಗೆ ನಮಸ್ಕಾರ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಲೇ ರೇಡಿಯೋ ಕೇಳುತ್ತಿರುವ ನಿಮಗೂ, ಕ್ಲಿನಿಕ್ಕಿನಲ್ಲಿರುವ ನನ್ನ ದಂತವೈದ್ಯ ಮಿತ್ರರಿಗೂ ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಎಚ್‌ಐವಿ ಇರುವವರ ಹಲ್ಲು ಕೀಳಲು ಬೇರೆ ಕುರ್ಚಿ ಬೇಕಿಲ್ಲ, ಬೇರೆ ಹೊತ್ತು ಬೇಕಿಲ್ಲ, ಬೇರೆ ಊರಂತೂ ಬೇಕಿಲ್ಲ.

ಕೆಲವು ವರ್ಷಗಳ ಹಿಂದೆ, ಆಷಾಢದ ಜಡಿಮಳೆ ಹಿಡಿದಿದ್ದ ಒಂದು ದಿನ, ಹೊಸನಗರದ ಕಡೆಯ ಹೆಂಗಸೊಬ್ಬರು ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದರು. ಕೆಳದವಡೆಯ ಹಲ್ಲು ಹುಳುಕಾಗಿ, ಬೇರಿನ ತುದಿಯಲ್ಲಿ ಕೀವು ಕಟ್ಟಿತ್ತು. ಮೂರು ರಾತ್ರಿಯಿಂದ ನಿದ್ದೆಯಿರಲಿಲ್ಲ. ಅದಕ್ಕೂ ಮೊದಲು ಎರಡು ಕಡೆ ಹೋಗಿ, ತಾವು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ನುಂಗುತ್ತಿರುವುದನ್ನು ಮುಚ್ಚಿಡದೆ ಹೇಳಿದ್ದರು. ಒಂದು ಕಡೆ ಯಂತ್ರ ಕೆಟ್ಟಿದೆ ಎಂದರಂತೆ, ಇನ್ನೊಂದು ಕಡೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಿ ಎಂದರಂತೆ. ಒಂದು ಹಲ್ಲು ಕೀಳುವುದಕ್ಕೆ ಮಣಿಪಾಲ!

ನಾನು ಅವರನ್ನು ವಾಪಸು ಕಳಿಸಲಿಲ್ಲವೆಂದು ಹೆಮ್ಮೆಪಡುವಂತಿಲ್ಲ. ಉಳಿದವರೆಲ್ಲ ಹೋಗುವ ತನಕ ಅವರನ್ನು ಬೆಂಚಿನ ಮೇಲೆ ಕೂರಿಸಿದೆ; ಆಮೇಲೆ ಒಂದರ ಮೇಲೊಂದರಂತೆ ಎರಡು ಜೊತೆ ಗವಸು ಹಾಕಿಕೊಂಡೆ. ಅವರು ನೋವಿನಲ್ಲೂ ಅದನ್ನು ಗಮನಿಸಿ, "ಡಾಕ್ಟ್ರೇ, ಆಗಿನಿಂದ ಬಾಗಿಲಿಂದ ನೋಡ್ತಾ ಇದ್ದೆ. ಅವರಿಗೆಲ್ಲ ಒಂದೇ ಜೊತೆ ಹಾಕ್ಕೊಂಡಿದ್ರಿ. ಅವರಿಗೆ ಏನೂ ಇಲ್ಲ ಅಂತ ನಿಮಗೆ ಹೆಂಗೆ ಗೊತ್ತು?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಅದೇ ಕುರ್ಚಿಯಲ್ಲಿ ಕುಳಿತು ಹೋದ ಹನ್ನೊಂದು ಮಂದಿಯ ರಕ್ತದಲ್ಲಿ ಏನಿತ್ತೆಂದು ನನಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ. ಗೊತ್ತಿದ್ದು ಹೇಳಿದವರು ಇವರೊಬ್ಬರೇ, ಮಾತ್ರೆ ತಪ್ಪಿಸದೆ ವೈರಾಣುವನ್ನು ಹತೋಟಿಯಲ್ಲಿಟ್ಟುಕೊಂಡಿದ್ದವರೂ ಇವರೇ, ಸಂಜೆಯವರೆಗೆ ಕಾದವರೂ ಇವರೇ. ಹಲ್ಲು ಕಾಲು ಗಂಟೆಯಲ್ಲಿ ಬಂತು, ಎಲ್ಲರ ಹಲ್ಲು ಬರುವ ಹಾಗೆಯೇ.

ಹೆಚ್ಚು ಸಮಯ ಉಳಿದಿಲ್ಲವಾದ್ದರಿಂದ ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ಎಚ್‌ಐವಿ ಎಂಜಲಿನಿಂದ ಹರಡುವುದಿಲ್ಲ. ಸೋಂಕಿತರಿಗೆ ಬಳಸಿದ ಸೂಜಿ ಕೈಗೆ ಚುಚ್ಚಿದರೂ ಸಾವಿರ ಸಲದಲ್ಲಿ ಸುಮಾರು ಮೂರು ಸಲ ಮಾತ್ರ ತಗುಲಬಹುದು. ಎರಡು ಗಂಟೆಯೊಳಗೆ, ತೀರ ತಡವೆಂದರೆ 72 ಗಂಟೆಯೊಳಗೆ ಸೋಂಕು ತಡೆಯುವ ಮಾತ್ರೆ ಶುರುಮಾಡಿ 28 ದಿನ ತೆಗೆದುಕೊಂಡರೆ ಆ ಭಯವೂ ಬಹುಮಟ್ಟಿಗೆ ಹೋಗುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಅಂಟುವ ಹೆಪಟೈಟಿಸ್ ಬಿ ರೋಗಿಯನ್ನು ನಾವು ಯಾರೂ ಮಣಿಪಾಲಕ್ಕೆ ಕಳಿಸುವುದಿಲ್ಲ, ಏಕೆಂದರೆ ನಾವು ಕೇಳುವುದೇ ಇಲ್ಲ. ಉಪಕರಣಗಳನ್ನು ಉಗಿಯಲ್ಲಿ ಶುದ್ಧಿಮಾಡುವ ಯಂತ್ರವಾದ ಆಟೋಕ್ಲೇವಿನ 121 ಡಿಗ್ರಿ ಶಾಖದಲ್ಲಿ ಯಾವ ವೈರಾಣುವೂ ಉಳಿಯದು; ಆದರೆ ಅದನ್ನು ಪ್ರತಿಯೊಬ್ಬ ರೋಗಿಯ ನಂತರವೂ ಮಾಡಬೇಕು, ಹೇಳಿದವರ ನಂತರ ಮಾತ್ರವಲ್ಲ.

ಕಾನೂನಿನ ವಿಷಯ: 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಸೋಂಕಿದೆಯೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಕೇಳುಗರೇ, ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹಲ್ಲಿನ ವೈದ್ಯರಿಗೆ ಹೇಳಿ; ಅವರು ಬರೆಯುವ ಔಷಧಿ ಅದಕ್ಕೆ ಹೊಂದಬೇಕು. ಹೇಳಿದ ಕಾರಣಕ್ಕೇ ವಾಪಸು ಕಳಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಆ ಕರೆಗೆ ದುಡ್ಡಿಲ್ಲ. ನಮಸ್ಕಾರ.