ಹೊಸ ಟ್ಯಾಟೂ ಇನ್ನೂ ಉಬ್ಬಿಕೊಂಡೇ ಇದೆಯಾ?

ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಮಳೆ ಹಿಡಿದರೆ ಸಾಕು, ನಮ್ಮ ಡೊಂಬಿವಲಿ, ಗೋರೆಗಾಂವ್ ಕಡೆಯ ಕನ್ನಡದ ಹುಡುಗ ಹುಡುಗಿಯರು ನನ್ನನ್ನು ಒಂದು ವಿಷಯ ಕೇಳುತ್ತಲೇ ಇರುತ್ತಾರೆ. ಟ್ಯಾಟೂ ಹಾಕಿಸಿ ಎರಡು ವಾರ ಆಯ್ತು, ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೆರೆ ಕೈಗೆ ತಗಲುತ್ತೆ, ಏನಾದ್ರೂ ಎಡವಟ್ಟಾಯ್ತಾ ಅಂತ. ಹೆಚ್ಚಿನವರಿಗೆ ಏನೂ ಆಗಿರುವುದಿಲ್ಲ, ಚರ್ಮ ಇನ್ನೂ ಮಾಯುತ್ತಿರುತ್ತದೆ, ಅಷ್ಟೇ.

ಸೂಜಿ ಏನು ಮಾಡುತ್ತದೆ ನೋಡಿ. ಚರ್ಮದ ಮೇಲ್ಪದರ ದಾಟಿ 1ರಿಂದ 2 ಮಿಲಿಮೀಟರ್ ಒಳಗೆ ಶಾಯಿ ಬಿಡುತ್ತದೆ, ಅದೂ ಸಾವಿರಾರು ಸಲ ಚುಚ್ಚಿ. ದೇಹದ ಲೆಕ್ಕದಲ್ಲಿ ಅದು ಗಾಯವೇ. ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ನೀರು ತುಂಬುತ್ತದೆ, ರಕ್ಷಣೆಯ ಕಣಗಳು ಓಡಿಬಂದು ಶಾಯಿಯನ್ನು ನುಂಗಿ ಅಲ್ಲೇ ಕೂತುಬಿಡುತ್ತವೆ. ಟ್ಯಾಟೂ ವರ್ಷಗಟ್ಟಲೆ ಅಳಿಯದೆ ಇರುವುದಕ್ಕೂ ಅವೇ ಕಾರಣ. ಮೇಲಿನ ಚರ್ಮ ಕೂಡಿಕೊಳ್ಳಲು 2ರಿಂದ 4 ವಾರ ಬೇಕು. ಒಳಗಿನದಕ್ಕೆ ಇನ್ನೂ ಕೆಲವು ತಿಂಗಳು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೂಜಿ ಓಡಿದ ದಪ್ಪ ಗೆರೆಗಳು ತೆಳು ಬಣ್ಣ ತುಂಬಿದ ಜಾಗಕ್ಕಿಂತ ತಡವಾಗಿ ತಗ್ಗುತ್ತವೆ. ಇವತ್ತಿಗಿಂತ ಮುಂದಿನ ವಾರ ಸ್ವಲ್ಪ ಕಡಿಮೆ ಅನಿಸಿದರೆ ಗಾಬರಿಪಡಬೇಡಿ.

ಈ ಊರಿನ ಮಳೆಗಾಲ ಬೇರೆ ಕಾಡುತ್ತದೆ. ಭುಜದ ಮೇಲೆ ಹೊಸ ಟ್ಯಾಟೂ, ಅದರ ಮೇಲೆ ಒದ್ದೆ ತೋಳಿನ ಅಂಗಿ, ಅದರ ಮೇಲೆ ಬ್ಯಾಗಿನ ಪಟ್ಟಿ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಒಂದು ಗಂಟೆ ಉಜ್ಜಿಸಿಕೊಂಡರೆ ಇಳಿದ ಊತವೂ ಮತ್ತೆ ಏಳುತ್ತದೆ. ಬ್ಯಾಗ್ ಇನ್ನೊಂದು ಭುಜಕ್ಕೆ ಹಾಕಿ. ಮನೆಗೆ ಬಂದ ಕೂಡಲೇ ಸುವಾಸನೆ ಇಲ್ಲದ ಸಾಬೂನಿನಿಂದ ತೊಳೆದು, ಉಜ್ಜದೆ ಮೆಲ್ಲಗೆ ಬಟ್ಟೆ ಒತ್ತಿ ನೀರು ತೆಗೆದು, ಮುಲಾಮು ತೆಳ್ಳಗೆ ಹಚ್ಚಿ. ಹಪ್ಪಳೆ ಎದ್ದರೆ ಕೀಳಬೇಡಿ, ದಯವಿಟ್ಟು. ಕಿತ್ತ ಜಾಗದಲ್ಲಿ ಬಣ್ಣವೂ ಹೋಗುತ್ತದೆ, ಕಲೆಯೂ ಉಬ್ಬಿ ನಿಲ್ಲಬಹುದು.

ಗೋವಾಕ್ಕೆ ಹೋಗಿ ಕಲಂಗುಟ್‌ನಲ್ಲಿ ಮಧ್ಯಾಹ್ನ ಟ್ಯಾಟೂ, ಸಂಜೆ ಸಮುದ್ರಸ್ನಾನ ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆ. ಸಮುದ್ರದ ನೀರಲ್ಲಿರುವ ಕೆಲವು ಬ್ಯಾಕ್ಟೀರಿಯಾ ತೆರೆದ ಗಾಯಕ್ಕೆ ಹೊಕ್ಕರೆ ಪ್ರಾಣಕ್ಕೇ ಕುತ್ತು ತರಬಲ್ಲವು, ಅದರಲ್ಲೂ ಲಿವರ್ ತೊಂದರೆ ಇದ್ದವರಿಗೆ. ಚರ್ಮ ಪೂರ್ತಿ ಕೂಡುವ ತನಕ ಸಮುದ್ರವೂ ಬೇಡ, ಈಜುಕೊಳವೂ ಬೇಡ.

ಯಾವಾಗ ಡಾಕ್ಟರ ಹತ್ತಿರ ಓಡಬೇಕು? ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ. ಉಳಿದ ಬಣ್ಣವೆಲ್ಲ ಸರಿಯಿದ್ದು ಕೆಂಪು ಶಾಯಿಯ ಭಾಗ ಮಾತ್ರ ಉಬ್ಬಿ ತುರಿಸುತ್ತಿದ್ದರೆ ಅಲರ್ಜಿ ಇರಬಹುದು. ಇದು ತಿಂಗಳುಗಳು, ವರ್ಷಗಳು ಕಳೆದ ಮೇಲೂ ಬರುತ್ತದೆ. ಗಂಟು ಗಟ್ಟಿಯಾಗಿ, ಟ್ಯಾಟೂವಿನ ಗೆರೆ ದಾಟಿ ಆಚೆಗೂ ಬೆಳೆದರೆ ಅದು ಕೀಲಾಯ್ಡ್, ಅಂದರೆ ಮಿತಿಮೀರಿ ಬೆಳೆದ ಗಾಯದ ಕಲೆ, ಆಗಿರಬಹುದು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಇದು ಜಾಸ್ತಿ, ಎದೆ, ಭುಜಗಳಲ್ಲಿ ಇನ್ನೂ ಜಾಸ್ತಿ. ಕಿವಿ ಚುಚ್ಚಿದಾಗ ನಿಮಗೋ ಮನೆಯವರಿಗೋ ಗಂಟು ಎದ್ದಿತ್ತಾ? ಹಾಗಿದ್ದರೆ ಟ್ಯಾಟೂಗೆ ಮೊದಲೇ ಚರ್ಮದ ಡಾಕ್ಟರನ್ನು ಕೇಳಿ. ಆಗಲೇ ಎದ್ದಿದ್ದರೂ ಇಂಜೆಕ್ಷನ್, ಸಿಲಿಕೋನ್ ಪಟ್ಟಿ ಅಂತ ದಾರಿಗಳಿವೆ, ಬೇಗ ಹೋದಷ್ಟೂ ಒಳ್ಳೆಯದು. ಹೋಗುವಾಗ ಮೊದಲ ದಿನದ ಫೋಟೋ ಇಟ್ಟುಕೊಳ್ಳಿ, ಯಾವ ಶಾಯಿ ಬಳಸಿದರು ಅಂತ ಅಂಗಡಿಯವರನ್ನು ಕೇಳಿ ಬರೆದುಕೊಂಡು ಹೋಗಿ.